ರಾಣಿ ಮನೆ, ಮೇಟಿ ಕೈಲಿ ಬೀಗ

ವಿಕ್ಟೋರಿಯಾ ರಾಣಿ ಇಂಡಿಯಾಕ್ಕೆ ಒಂದು ಸಲವೂ ಬರಲಿಲ್ಲ. 1837ರಿಂದ 1901ರವರೆಗೆ ಪಟ್ಟದ ಮೇಲೆ ಕೂತಿದ್ದಳು, 1877ರಿಂದ ನಮಗೆ ಚಕ್ರವರ್ತಿನಿಯೂ ಆದಳು, ಕೊನೆಗಾಲಕ್ಕೆ ಮುನ್ಷಿ ಇಟ್ಟುಕೊಂಡು ಹಿಂದೂಸ್ತಾನಿಯನ್ನೂ ಕಲಿತಳು. ಸೂಯೆಜ್ ಮಾತ್ರ ದಾಟಲಿಲ್ಲ. ಸತ್ತ ಮೇಲೆ ಬಂದಳು, 1906ರಲ್ಲಿ, ಅಮೃತಶಿಲೆಯಾಗಿ, ಅದೂ ಬೆಂಗಳೂರಿನ ಕಬ್ಬನ್ ಪಾರ್ಕಿನವರೆಗೆ. ಅಲ್ಲಿಂದಾಚೆಗೆ ತುಮಕೂರು ರಸ್ತೆ ಹಿಡಿದ ದಾಖಲೆ ಇಲ್ಲ. ಹೀಗಿದ್ದೂ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲೂಕಿನಲ್ಲಿ ಯಾವ ಹಳೇ ಸರ್ಕಾರಿ ಬಂಗಲೆ ಮುಂದೆ ನಿಂತು ಕೇಳಿದರೂ "ಇದು ರಾಣಿ ಕಾಲದ್ದು ಸಾ" ಅನ್ನುತ್ತಾರೆ. ಹೇಳುವ ಧಾಟಿ ನೋಡಿದರೆ ರಾಣಿ ನಿನ್ನೆ ಮಧ್ಯಾಹ್ನ ಮುದ್ದೆ ಮುರಿದು, ಕೈ ತೊಳೆದು, ಈಗಷ್ಟೇ ಕೊರಟಗೆರೆ ಬಸ್ಸು ಹತ್ತಿದಳೇನೋ ಅನ್ನಿಸಬೇಕು.

ಮನೆಯ ವಯಸ್ಸು ಹೇಳಲು ನಮ್ಮ ಕಡೆ ಪುರಾತತ್ವದವರು ಬೇಕಿಲ್ಲ. ಗೋಡೆಗೆ ಕೈ ಇಟ್ಟು ನೋಡಿದರೆ ಸಾಕು. ಕಿಟಕಿಯ ಗೂಡಿನಲ್ಲಿ ಒಬ್ಬ ಹೆಡ್ ಕಾನ್‌ಸ್ಟೇಬಲ್ ಕಾಲು ಮಡಿಸಿ ಮಲಗುವಷ್ಟು ಜಾಗವಿದ್ದರೆ ಅದು ರಾಣಿ ಕಾಲದ್ದು. ಒಳಗೆ ಕೆಮ್ಮಿದರೆ ಸೂರಿನ ಹತ್ತಿರ ಇನ್ನೊಬ್ಬ ಕೆಮ್ಮಿದ ಹಾಗೆ ಕೇಳಿಸಿದರೆ ಖಂಡಿತ ರಾಣಿ ಕಾಲದ್ದು. ಅಷ್ಟಕ್ಕೂ ಅನುಮಾನ ಹೋಗದವರು ಹೆಂಚು ತೆಗೆದು ತಿರುಗಿಸಿ ನೋಡುತ್ತಾರೆ. ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಆ ಇಸವಿಯನ್ನೇ ಹೆಂಚಿನ ಮೈಮೇಲೆ ಅಚ್ಚೊತ್ತಿ ದಶಕಗಟ್ಟಲೆ ಮಾರಿದರು. ಹೀಗಾಗಿ ನಮ್ಮಲ್ಲಿ ಹೆಂಚಿನ ಮನೆ ಎಷ್ಟಿವೆಯೋ ಅಷ್ಟೂ 1865ರಲ್ಲಿ ಕಟ್ಟಿದ್ದು. ಬಂಗಲೆಯೂ 1865, ಅದರ ಹಿಂದಿನ ಅಡುಗೆಮನೆಯೂ 1865, ಆಮೇಲೆ ಯಾರೋ ಎಬ್ಬಿಸಿದ ದನದ ಕೊಟ್ಟಿಗೆಯೂ 1865. ಇತಿಹಾಸ ಸೂರಿನ ಮೇಲೆ ಅಷ್ಟು ಸಲೀಸಾಗಿ ಓದಲು ಸಿಗುವಾಗ ದಫ್ತರದ ಧೂಳು ಕುಡಿಯುವವರು ಯಾರು?

ಈ ಬಂಗಲೆಗಳು ಯಾಕೆ ಹುಟ್ಟಿದವು ಅನ್ನುವುದಕ್ಕೆ ಮೊದಲು ಮಾರ್ಕ್ ಕಬ್ಬನ್ ಹತ್ತಿರ ಹೋಗಬೇಕು. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡ ಕಂಪನಿ, 1834ರಲ್ಲಿ ಈತನನ್ನು ಮೈಸೂರಿಗೆ ಕಮಿಷನರ್ ಮಾಡಿತು. 27 ವರ್ಷ ಕುರ್ಚಿ ಬಿಡಲಿಲ್ಲ. ಮದುವೆ ಆಗಲಿಲ್ಲ. ಸಂಸಾರವಿಲ್ಲದ ಮನುಷ್ಯ ರಸ್ತೆ ಹಾಕಿಸುತ್ತ ಕೂತ. ಸುಮಾರು 1,600 ಮೈಲಿ ರಸ್ತೆ, 300ಕ್ಕೂ ಹೆಚ್ಚು ಸೇತುವೆ. ರಸ್ತೆ ಆದ ಮೇಲೆ ಸಾಹೇಬರು ಅದರ ಮೇಲೆ ಓಡಾಡಬೇಕು. ಓಡಾಡಿದವರು ಸಂಜೆಗೆ ಎಲ್ಲಾದರೂ ಬೆನ್ನು ಚಾಚಬೇಕು. ಊರೊಳಗಿನ ಛತ್ರದಲ್ಲಿ ಮಲಗೋಣವೆಂದರೆ ಅಲ್ಲಿ ಊರಿನವರಿರುತ್ತಾರೆ. ಆದ್ದರಿಂದ ಊರಾಚೆ, ಎತ್ತರದ ಜಾಗದಲ್ಲಿ, ಕುದುರೆ ದಣಿಯುವಷ್ಟು ದೂರಕ್ಕೊಂದರಂತೆ ಬಂಗಲೆ. 1856ರಲ್ಲಿ ಲೋಕೋಪಯೋಗಿ ಇಲಾಖೆಯೇ ಹುಟ್ಟಿಕೊಂಡಿತು. ಬಂಗಲೆಗಳಿಗೆ ಒಬ್ಬ ತಂದೆ ಸಿಕ್ಕ. ರೈಸ್ ಸಾಹೇಬ ಬರೆದ ಮೈಸೂರು ಗೆಜೆಟಿಯರಿನಲ್ಲಿ ಬಂಗಲೆಗಳನ್ನು ಒಂದನೇ ದರ್ಜೆ, ಎರಡನೇ ದರ್ಜೆ, ಮೂರನೇ ದರ್ಜೆ ಎಂದು ವಿಂಗಡಿಸಿದ ಪಟ್ಟಿಯೂ ಇದೆ. ಮನುಷ್ಯರನ್ನು ವಿಂಗಡಿಸುವುದು ನಮಗೆ ಗೊತ್ತಿತ್ತು, ಕಟ್ಟಡಕ್ಕೂ ಜಾತಿ ಕೊಟ್ಟವರು ಅವರು. ಕಬ್ಬನ್ 1861ರಲ್ಲಿ ರಾಜೀನಾಮೆ ಕೊಟ್ಟು ಊರಿಗೆ ಹೊರಟವನು ಸೂಯೆಜ್‌ನಲ್ಲೇ ತೀರಿಕೊಂಡ. ರಾಣಿ ಆ ಕಡೆಯಿಂದ ದಾಟಲಿಲ್ಲ, ಕಮಿಷನರ್ ಈ ಕಡೆಯಿಂದ ದಾಟಲಿಲ್ಲ.

ನಮ್ಮ ಸೀಮೆಗೆ ಸಿಕ್ಕಿದ ಸಾಹೇಬ ಡಾಬ್ಸ್. ರಿಚರ್ಡ್ ಸ್ಟೂವರ್ಟ್ ಡಾಬ್ಸ್. ಶಿವಗಂಗೆಯ ಬುಡದ ದಾಬಸ್‌ಪೇಟೆಯಲ್ಲಿ ಈಗಲೂ ಬಸ್ಸು ನಿಲ್ಲಿಸಿ ಜನ ಇಡ್ಲಿ ತಿನ್ನುವುದು ಈತನ ಹೆಸರಿನಲ್ಲೇ. ಚಿತ್ರದುರ್ಗ ವಿಭಾಗಕ್ಕೆ ಸೂಪರಿಂಟೆಂಡೆಂಟ್. ಆದರೆ ಮನೆ ಮಾಡಿ ಕೂತದ್ದು ತುಮಕೂರಿನಲ್ಲಿ. ಓಬವ್ವ ಒನಕೆ ಹಿಡಿದ ದುರ್ಗದ ಹೆಸರು ವಿಭಾಗಕ್ಕೆ, ಕಚೇರಿ ತುಮಕೂರಿಗೆ. ಕೇಂದ್ರಸ್ಥಾನ ಯಾವುದು ಅಂತ ಆಗಲೇ ತೀರ್ಮಾನವಾಗಿಬಿಟ್ಟಿತ್ತು: ಸಾಹೇಬರ ಹಾಸಿಗೆ ಎಲ್ಲಿದೆಯೋ ಅದು. ಡಾಬ್ಸ್ ನಿವೃತ್ತನಾಗಿ 1882ರಲ್ಲಿ ಮೈಸೂರಿನ ನೆನಪುಗಳ ಪುಸ್ತಕ ಬರೆದ. ಅವನ ನೆನಪಿನಲ್ಲಿ ನಾವು ಇದ್ದೇವೆ, ನಮ್ಮ ನೆನಪಿನಲ್ಲಿ ಅವನ ಹೆಸರಿನ ಬಸ್ ಸ್ಟ್ಯಾಂಡ್ ಇದೆ. ಲೆಕ್ಕ ಸರಿಹೋಯಿತು.

ಈಗ ಮನೆಯ ಒಳಗೆ ಬನ್ನಿ. ಬನ್ನಿ ಅಂದೆನೇ? ತಪ್ಪು, ಒಳಗೆ ಬಿಡುವುದಿಲ್ಲ. ಮೊದಲು ಹಜಾರದ ಮುಂದೆ ನಿಲ್ಲಿ. ಎತ್ತರದ ಜಗಲಿ, ದಪ್ಪ ಕಂಬ, ಅದರಾಚೆ ಉದ್ದ ಹಜಾರ. ಬಿಸಿಲು ನೇರವಾಗಿ ಕೋಣೆಗೆ ನುಗ್ಗದಿರಲಿ ಅಂತ ಈ ಹಜಾರ ಮಾಡಿದ್ದು ಎಂದು ವಾಸ್ತುಶಿಲ್ಪದ ಪುಸ್ತಕಗಳು ಹೇಳುತ್ತವೆ. ಬಿಸಿಲಿಗಿಂತ ಹೆಚ್ಚು ತಡೆದದ್ದು ಜನರನ್ನು. ಸಾಹೇಬ ಬೆತ್ತದ ಕುರ್ಚಿಯಲ್ಲಿ. ಅಮಲ್ದಾರ ಪಕ್ಕದಲ್ಲಿ, ನಿಂತುಕೊಂಡು. ಶಾನುಭೋಗ ಮೆಟ್ಟಿಲ ಮೇಲೆ, ಖಿರ್ದಿ ಪುಸ್ತಕ ಎದೆಗವುಚಿಕೊಂಡು. ಪಟೇಲ ಮೆಟ್ಟಿಲ ಕೆಳಗೆ, ಮೆಟ್ಟು ಬಿಟ್ಟು. ರೈತ ಹುಣಸೆಮರದ ಕೆಳಗೆ. ಆ ಹುಣಸೆಮರಕ್ಕಿಂತ ಆಚೆ ನಿಲ್ಲಬೇಕಾದವರೂ ಇದ್ದರು, ಅವರ ಅರ್ಜಿಯನ್ನು ರೈತನೇ ಬಾಯಲ್ಲಿ ಹೇಳಬೇಕು, ಹೇಳಿದರೆ.

ಇವತ್ತು ಎಷ್ಟೆಲ್ಲ ಬದಲಾಗಿದೆ ನೋಡಿ. ಬೆತ್ತದ ಕುರ್ಚಿ ಹೋಗಿ ಟವೆಲ್ ಹೊದಿಸಿದ ಸೋಫಾ ಬಂದಿದೆ. ಅಮಲ್ದಾರರ ಜಾಗದಲ್ಲಿ ತಹಶೀಲ್ದಾರರು, ಅವರು ಈಗಲೂ ನಿಂತೇ ಇದ್ದಾರೆ. ಶಾನುಭೋಗರ ಮೆಟ್ಟಿಲ ಮೇಲೆ ಪಿಎ. ಪಟೇಲರ ಜಾಗಕ್ಕೆ ಮಾತ್ರ ಬಡ್ತಿ ಸಿಕ್ಕಿದೆ: ಗುತ್ತಿಗೆದಾರರು ನೇರ ಕೋಣೆಯ ಒಳಗೆ, ಮಂಚದ ಅಂಚಿನ ಮೇಲೆ. ಹುಣಸೆಮರದ ಕೆಳಗೆ ಪಿಂಚಣಿ ನಿಂತುಹೋದ ಅಜ್ಜಿ, ಪಹಣಿಯಲ್ಲಿ ಹೆಸರು ತಪ್ಪಿದ ಅಣ್ಣ, ಬೋರ್‌ವೆಲ್‌ಗೆ ಕರೆಂಟು ಕೇಳಲು ಬಂದವನು. ಹುಣಸೆಮರವನ್ನು ರಸ್ತೆ ಅಗಲ ಮಾಡುವಾಗ ಕಡಿದಿದ್ದರೆ ಅದರ ಬುಡ ಇದ್ದ ಜಾಗದಲ್ಲಿ, ಬಿಸಿಲಲ್ಲೇ.

ಕೋಣೆಗೊಂದು ಹಿಂಬಾಗಿಲು ಇತ್ತು. ಸ್ನಾನದ ಮನೆಯಿಂದ ಸೀದಾ ಹೊರಕ್ಕೆ. ಸಾಹೇಬನ ಮಲದ ಪಾತ್ರೆ ಎತ್ತಲು ಬರುವ ಮನುಷ್ಯ ಮುಂಬಾಗಿಲಲ್ಲಿ ಕಾಣಬಾರದು, ಹಜಾರ ತುಳಿಯಬಾರದು ಎಂದು ಮಾಡಿದ ಬಾಗಿಲು ಅದು. ಸಾಹೇಬನೇನೂ ನಮ್ಮ ಜಾತಿ ಓದಿಕೊಂಡು ಬಂದವನಲ್ಲ; ಆದರೆ ಬಂದ ಮೇಲೆ ಬೇಗ ಕಲಿತ, ಕಲಿತದ್ದನ್ನು ಗಾರೆಯಲ್ಲಿ ಕಟ್ಟಿಟ್ಟ. ಆ ಬಾಗಿಲಲ್ಲಿ ಓಡಾಡಿದವರ ಹೆಸರು ಯಾವ ಗೆಜೆಟಿಯರಿನಲ್ಲೂ ಇಲ್ಲ. ಪಾಯಿಖಾನೆಗೆ ಫ್ಲಶ್ ಬಂದ ಮೇಲೆ ಬಾಗಿಲು ಮುಚ್ಚಬಹುದಿತ್ತು. ಮುಚ್ಚಲಿಲ್ಲ. ಮುಂಬಾಗಿಲಲ್ಲಿ ಕಾಣಬಾರದವರು ಈಗಲೂ ಅಲ್ಲಿಂದಲೇ ಬರುತ್ತಾರೆ. ವ್ಯತ್ಯಾಸ ಇಷ್ಟೆ: ಆಗಿನವರು ಹೊರಕ್ಕೆ ಹೊತ್ತುಕೊಂಡು ಹೋಗುತ್ತಿದ್ದರು, ಈಗಿನವರು ಒಳಕ್ಕೆ ಹೊತ್ತುಕೊಂಡು ಬರುತ್ತಾರೆ, ಕವರಿನಲ್ಲಿ.

"ಆ ಕಾಲದ ಕೆಲಸ ಎಂಥಾ ಗಟ್ಟಿ ಸಾ! ಸುಣ್ಣದ ಗಾರೆ, ಬೆಲ್ಲದ ನೀರು, ಒಂದು ಬಿರುಕಿಲ್ಲ" ಅನ್ನುತ್ತಾರೆ. ನಿಜ. ಗೋಡೆಗೆ ಬಿರುಕು ಬಿಡಲಿಲ್ಲ. 1876ರಿಂದ 1878ರವರೆಗೆ ಧಾತು-ಈಶ್ವರ ಸಂವತ್ಸರಗಳ ಬರ ಬಂತು. ಮೊದಲೇ ಮಳೆ ಲೆಕ್ಕ ಹಾಕಿ ಬದುಕುವ ಸೀಮೆ ನಮ್ಮದು. ಕೆರೆ ಬತ್ತಿತು, ದನ ಹೋದವು, ಆಮೇಲೆ ಜನ. 1877ರ ಜನವರಿ 1ರಂದು ದೆಹಲಿಯಲ್ಲಿ ಲಾರ್ಡ್ ಲಿಟ್ಟನ್ ದೊಡ್ಡ ದರ್ಬಾರು ಮಾಡಿ ವಿಕ್ಟೋರಿಯಾಳನ್ನು ಭಾರತದ ಚಕ್ರವರ್ತಿನಿ ಎಂದು ಸಾರುತ್ತಿದ್ದಾಗ ಇಲ್ಲಿ ಬೇರು ಅಗೆದು ತಿನ್ನುತ್ತಿದ್ದರು. 1871ರ ಜನಗಣತಿಯಲ್ಲಿ 50.55 ಲಕ್ಷ ಇದ್ದ ಮೈಸೂರು ಸಂಸ್ಥಾನ 1881ರ ಗಣತಿಗೆ 41.86 ಲಕ್ಷಕ್ಕೆ ಇಳಿದಿತ್ತು. ಹತ್ತು ವರ್ಷದಲ್ಲಿ ಬೆಳೆಯಬೇಕಾದ್ದನ್ನು ಬಿಡಿ, ಇದ್ದವರಲ್ಲೇ ಎಂಟೂಮುಕ್ಕಾಲು ಲಕ್ಷದಷ್ಟು ಕಡಿಮೆ. ಗಂಜಿ ಕೇಂದ್ರಕ್ಕೆ ಯಾರು, ಕಲ್ಲು ಒಡೆಯುವ ಕೂಲಿಗೆ ಯಾರು ಎಂದು ವಿಂಗಡಿಸಿದ್ದು ಸರ್ಕಾರದ ಹಜಾರಗಳಲ್ಲೇ. ಅಲ್ಲೂ ದರ್ಜೆ ಇದ್ದವು.

ಇನ್ನೊಂದು ವಿಚಿತ್ರ. ಹಳೇ ಬಂಗಲೆ ಅಂದ ಮೇಲೆ ದೆವ್ವ ಇರಲೇಬೇಕು, ನಮ್ಮವಕ್ಕೂ ಇದೆ ಎನ್ನುತ್ತಾರೆ. ರಾತ್ರಿ ಹನ್ನೆರಡಕ್ಕೆ ಗೆಜ್ಜೆಯಲ್ಲ, ಬೂಟಿನ ಸದ್ದು. ಬಿಳೀ ಗೌನು ತೊಟ್ಟ ದೊರೆಸಾನಿ ಹಜಾರದಲ್ಲಿ ಅಡ್ಡಾಡುತ್ತಾಳೆ, ಬಂಗಲೆ ನೋಡಿಕೊಳ್ಳುವ ಮೇಟಿಯ ತಾತ ಕಣ್ಣಾರೆ ಕಂಡಿದ್ದ. ಸರಿ, ಒಪ್ಪೋಣ. ಆದರೆ ಕಾಂಪೌಂಡಿನ ಆಚೆಗೆ ಅಷ್ಟು ಲಕ್ಷ ಜನ ಹೊಟ್ಟೆಗಿಲ್ಲದೆ ಸತ್ತರಲ್ಲ, ಅವರಲ್ಲಿ ಒಬ್ಬರೇ ಒಬ್ಬರು ದೆವ್ವವಾಗಿ ಬಂದು "ಒಂದು ಹಿಡಿ ರಾಗಿ" ಅಂತ ಬಾಗಿಲು ತಟ್ಟಿದ ಕತೆ ಯಾಕಿಲ್ಲ? ಬಂಗಲೆಯಲ್ಲಿ ದೆವ್ವವಾಗಬೇಕಾದರೂ ಮೊದಲೇ ರೂಮು ಬುಕ್ ಆಗಿರಬೇಕು ಅಂತ ಕಾಣುತ್ತದೆ.

ಇಷ್ಟು ಹೊತ್ತು ಸಾಹೇಬರ ಮನೆಯನ್ನೇ ಹೊಗಳಿ ಬೈದದ್ದಾಯಿತು. ಶಿರಾದವರು ಇದನ್ನು ಓದಿ ಮುಖ ಸಿಂಡರಿಸಿರುತ್ತಾರೆ. ಅವರಿಗೆ ವಿಕ್ಟೋರಿಯಾ ಎಲ್ಲಿಯ ಲೆಕ್ಕ! 1687ರಿಂದ ಮೊಗಲರ ಸುಬಾ ಅದು. ಮಲಿಕ್ ರಿಹಾನ್ ದರ್ಗಾ 1651ರದು, ಜುಮ್ಮಾ ಮಸೀದಿ 1696ರದು. ಸುಬೇದಾರ ದಿಲಾವರ್ ಖಾನನ ಅರಮನೆ ಎಷ್ಟು ಸೊಗಸಾಗಿತ್ತೆಂದರೆ ಬೆಂಗಳೂರಿನ, ಶ್ರೀರಂಗಪಟ್ಟಣದ ಅರಮನೆಗಳನ್ನು ಅದನ್ನು ನೋಡಿಕೊಂಡೇ ಕಟ್ಟಿದ್ದು ಎಂದು ರೈಸ್ ಬರೆದಿದ್ದಾನೆ. ಲಾಲ್‌ಬಾಗಿಗೂ ಶಿರಾದ ಖಾನ್ ಬಾಗೇ ಮಾದರಿ ಎನ್ನುತ್ತಾರೆ. ಟಿಪ್ಪು ಇಲ್ಲಿಂದ 12,000 ಕುಟುಂಬಗಳನ್ನು ಎಬ್ಬಿಸಿ ಶ್ರೀರಂಗಪಟ್ಟಣದ ಗಂಜಾಂಗೆ ಸಾಗಿಸಿದ. ಅಂದರೆ ಅರಮನೆಯ ನಕಲು ಹೋಯಿತು, ತೋಟದ ನಕಲು ಹೋಯಿತು, ಜನ ಅಸಲೇ ಹೋದರು. ಈಗ ನಕಲಿಗೆ ಬೆಂಗಳೂರಿನಲ್ಲಿ ಟಿಕೆಟ್ಟು ಇದೆ, ಅಸಲು ಎಲ್ಲಿತ್ತು ಎಂದು ಶಿರಾದಲ್ಲಿ ಕೇಳಿದರೆ ನಾಲ್ಕು ದಿಕ್ಕಿಗೂ ನಾಲ್ಕು ಜನ ಕೈ ತೋರಿಸುತ್ತಾರೆ. ಒಂದು ಪ್ರಾಂತ್ಯಕ್ಕೇ ಮಾದರಿಯಾದ ಅರಮನೆ ಬಿದ್ದು ಮಣ್ಣಾಯಿತು. ಕುದುರೆ ದಣಿಯಿತೆಂದು ಕಟ್ಟಿದ ಎರಡು ಕೋಣೆಯ ಬಂಗಲೆಗಳು ವರ್ಷಕ್ಕೊಂದು ಕೋಟ್ ಬಣ್ಣ ಬಳಿಸಿಕೊಂಡು ನಗುತ್ತಿವೆ. ಕಾರಣ ಸರಳ. ಅರಮನೆಯಲ್ಲಿ ಯಾರಿಗೂ ರೂಮು ಬೇಕಿರಲಿಲ್ಲ.

ಮಧುಗಿರಿ ಬೆಟ್ಟದ ಕೋಟೆಯೂ ಹಾಗೆಯೇ. ಏಷ್ಯಾದಲ್ಲೇ ಎರಡನೇ ದೊಡ್ಡ ಏಕಶಿಲೆ ಎಂದು ನಾವೇ ಕೊಟ್ಟುಕೊಂಡ ಸರ್ಟಿಫಿಕೇಟು ಇದೆ. ಅದೂ ಒಂದು ಕಾಲಕ್ಕೆ ಸರ್ಕಾರಿ ಅತಿಥಿಗೃಹವೇ: 1763ರಲ್ಲಿ ಬಿದನೂರು ಗೆದ್ದ ಹೈದರಾಲಿ, ಅಲ್ಲಿನ ರಾಣಿ ವೀರಮ್ಮಾಜಿಯನ್ನು ತಂದು ಇಲ್ಲೇ ಕೂಡಿಹಾಕಿದ. 1767ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯ ಬಂದು ಬಿಡಿಸಿತು. ಲಂಡನ್ನಿನ ರಾಣಿ ಬಾರದ ಊರಿಗೆ ಮಲೆನಾಡಿನ ರಾಣಿ ನಿಜವಾಗಿಯೂ ಬಂದಿದ್ದಳು, ನಾಲ್ಕು ವರ್ಷ ಇದ್ದಳು. ಅವಳ ಹೆಸರು ಹೇಳಿ "ಇದು ರಾಣಿ ಕಾಲದ್ದು" ಅನ್ನುವವರನ್ನು ನಾನು ಕಂಡಿಲ್ಲ. ಅವಳಿದ್ದ ಬಂಡೆಯ ಮೇಲೆ ಈಗ ಬಣ್ಣದಲ್ಲಿ ಹುಡುಗ-ಹುಡುಗಿಯರ ಹೆಸರು, ನಡುವೆ ಬಾಣ ಚುಚ್ಚಿದ ಹೃದಯ. ಕೆಳಗೆ ಸಂರಕ್ಷಿತ ಸ್ಮಾರಕ ಎಂಬ ಫಲಕ. ಕೋಟೆಯ ರಕ್ಷಣೆಗೆ ಫಲಕ ಇದೆ. ಬಂಗಲೆಯ ರಕ್ಷಣೆಗೆ ಫಲಕ ಬೇಡ, ಅಲ್ಲಿ ನಾಟಿಕೋಳಿ ಸಾರು ಇದೆ.

ಈ ಸಾರಿನ ಹಿಂದಿನ ಮನುಷ್ಯ ಮೇಟಿ. ಖಾನ್ಸಾಮ ಎಂದು ಸಾಹೇಬರು ಕರೆದಿದ್ದನ್ನು ಇಲಾಖೆ ಮೇಟಿ ಮಾಡಿತು. ಬೀಗದ ಗೊಂಚಲು ಅವನ ಸೊಂಟದಲ್ಲಿ. ಯಾರು ಯಾವ ರೂಮಿನಲ್ಲಿ ಯಾರ ಜೊತೆ ಎಷ್ಟು ಹೊತ್ತು ಕೂತಿದ್ದರು, ಹೊರಗೆ ಬಂದಾಗ ಯಾರ ಮುಖ ಅರಳಿತ್ತು, ಯಾರದು ಬಾಡಿತ್ತು, ಎಲ್ಲ ಬಲ್ಲ. ತಾಲೂಕಿನ ನಿಜವಾದ ಇತಿಹಾಸಕಾರ. ಒಬ್ಬ ಮೇಟಿಯನ್ನು ಕೇಳಿದೆ, "ಯಜಮಾನ್ರೇ, ಈ ಬಂಗ್ಲೆ ಯಾವಾಗ ಕಟ್ಟಿದ್ದು?" ಪಾತ್ರೆ ತೊಳೆಯುತ್ತಿದ್ದವನು ತಲೆ ಎತ್ತದೆ, "ಯಾವ ಸಲದ್ದು ಕೇಳ್ತಿದೀರಿ ಸ್ವಾಮಿ? ಬಿಲ್ ಪ್ರಕಾರ ಆರೇಳು ಸಲ ಕಟ್ಟವ್ರೆ" ಅಂದ. ಇಷ್ಟು ಚೊಕ್ಕವಾಗಿ ಕಟ್ಟಡದ ಚರಿತ್ರೆ ಹೇಳಿದ ವಿದ್ವಾಂಸರನ್ನು ನಾನು ಇನ್ನೂ ಓದಬೇಕಾಗಿದೆ.

ಬಂಗಲೆಯ ದಿನಚರಿ ಪತ್ರಿಕೆ ಓದುವವರಿಗೆಲ್ಲ ಬಾಯಿಪಾಠ. "ಪಟ್ಟಣದ ಪ್ರವಾಸಿ ಮಂದಿರದಲ್ಲಿ ಸುದ್ದಿಗೋಷ್ಠಿಯಲ್ಲಿ ಮಾತನಾಡಿದ ಅವರು..." ಎಂದು ಸುರುವಾಗದ ಸ್ಥಳೀಯ ಸುದ್ದಿ ಇದೆಯೇ? ಬೆಳಿಗ್ಗೆ ಒಂದು ಬಣದವರು ಕೂತು ಇನ್ನೊಂದು ಬಣವನ್ನು ಬೈಯುತ್ತಾರೆ. ಮಧ್ಯಾಹ್ನ ಅದೇ ಮೇಜಿನ ಮೇಲೆ, ಅದೇ ಗೋಡಂಬಿ ಬಿಸ್ಕತ್ತಿನ ತಟ್ಟೆಯ ಮುಂದೆ, ಇನ್ನೊಂದು ಬಣ. ಹಬ್ಬದ ಮುಂಚೆ ಶಾಂತಿ ಸಭೆ, ಚುನಾವಣೆಯ ಮುಂಚೆ ಅಶಾಂತಿ ಸಭೆ. ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ ಲೋಕಾಯುಕ್ತದವರು ಬಂದು ಸಾರ್ವಜನಿಕರ ಅಹವಾಲು ಸ್ವೀಕರಿಸುವುದೂ ಇಲ್ಲೇ. ಲಂಚ ಕೇಳಿದವರ ಮೇಲೆ ದೂರು ಕೊಡಲು ಬಂದವನು ಕೂರುವ ಕುರ್ಚಿಯಲ್ಲಿ, ನಿನ್ನೆ ರಾತ್ರಿ ಯಾರು ಕೂತಿದ್ದರು ಎಂದು ಮೇಟಿಯನ್ನು ಕೇಳಬೇಡಿ. ಅವನಿಗೂ ಪಿಂಚಣಿ ಬೇಕು. ಚುನಾವಣೆ ನೀತಿಸಂಹಿತೆ ಜಾರಿಯಾದ ದಿನ ಮಾತ್ರ ಎಲ್ಲ ಖಾಲಿ. ಕೀಲಿ ತಹಶೀಲ್ದಾರರ ವಶಕ್ಕೆ ಹೋಗುತ್ತದೆ. ಆ ದಿನಗಳಲ್ಲಿ ಬಂಗಲೆಗೆ ಒಂದು ಥರದ ವಿಧವೆಯ ಕಳೆ. ಎದುರಿನ ಟೀ ಅಂಗಡಿಯವನಂತೂ ಸೂತಕ ಹಿಡಿದವನ ಹಾಗೆ ಕೂತಿರುತ್ತಾನೆ.

ಕಟ್ಟಿಸಿದ ಸಾಹೇಬರ ಹೆಸರು ಈ ಬಂಗಲೆಗಳ ಗೋಡೆಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಪಾಪ, ಆ ಕಾಲಕ್ಕೆ ಪ್ರಜಾಪ್ರಭುತ್ವ ಇರಲಿಲ್ಲ. ಈಗ ಇದೆ. ಹಿಂದಿನ ಪಾಯಿಖಾನೆಗೆ ಹೊಸ ಬಾಗಿಲು ಹಾಕಿಸಿದರೆ ಕಪ್ಪು ಗ್ರಾನೈಟ್ ಕಲ್ಲು ಬರುತ್ತದೆ. ಮೇಲೆ ಘನ ಉಪಸ್ಥಿತಿ, ಅದರ ಕೆಳಗೆ ಉದ್ಘಾಟಕರು, ಅಧ್ಯಕ್ಷತೆ, ಮುಖ್ಯ ಅತಿಥಿಗಳು, ಸಂಸದರು ಒಬ್ಬರು, ವಿಧಾನ ಪರಿಷತ್ ಸದಸ್ಯರು ಮೂರ್ನಾಲ್ಕು ಜನ, ನಿಗಮ ಮಂಡಳಿಯವರು ಇಬ್ಬರು, ಕಡೆಗೆ ಕಾರ್ಯಪಾಲಕ ಇಂಜಿನಿಯರ್. ಬಾಗಿಲಿಗಿಂತ ಕಲ್ಲು ದೊಡ್ಡದು. ಮುಂದಿನ ಸರ್ಕಾರ ಬಂದಾಗ ಅದೇ ಬಾಗಿಲಿಗೆ ಚಿಲಕ ಹಾಕಿಸಿ ಇನ್ನೊಂದು ಕಲ್ಲು. ನೂರೈವತ್ತು ವರ್ಷ ಕಳೆದು ಯಾರಾದರೂ ಈ ಶಾಸನಗಳನ್ನು ಓದಿದರೆ, ಇಪ್ಪತ್ತೊಂದನೇ ಶತಮಾನದ ಕನ್ನಡಿಗರು ಪಾಯಿಖಾನೆಯನ್ನು ಸಾಮೂಹಿಕವಾಗಿ ಪೂಜಿಸುತ್ತಿದ್ದರು ಎಂದು ಬರೆದಾರು.

ದುರಸ್ತಿಯ ಶೈಲಿಯೂ ಒಂದೇ. "ಹೆರಿಟೇಜ್ ಲುಕ್ ಉಳಿಸಿಕೊಂಡೇ ಮಾಡ್ತೀವಿ ಸಾರ್" ಅನ್ನುತ್ತಾರೆ. ಮೊದಲು ಕಲ್ಲಿನ ಕಂಬಕ್ಕೆ ಎನಾಮಲ್ ಪೇಂಟು, ಅದರ ಮೇಲೆ ಕಲ್ಲಿನ ಹಾಗೇ ಕಾಣುವಂತೆ ಗೆರೆ. ಗಾರೆಯ ನೆಲ ಒಡೆದು ಜಾರುವ ಟೈಲ್ಸ್. ಹದಿನೈದಡಿ ಎತ್ತರದ ಸೂರಿನ ಕೆಳಗೆ ಒಂಬತ್ತಡಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಸುಳ್ಳು ಸೂರು. ಬಿಸಿಗಾಳಿ ಮೇಲೇರಿ ಹೊರಗೆ ಹೋಗಲಿ ಎಂದು ಗೋಡೆಯ ನೆತ್ತಿಯಲ್ಲಿ ಬಿಟ್ಟಿದ್ದ ಗವಾಕ್ಷಿಗಳು ಆ ಸುಳ್ಳಿನ ಹಿಂದೆ ಮುಚ್ಚಿಹೋಗುತ್ತವೆ. ಆಮೇಲೆ ಸೆಕೆ ಎಂದು ಎಸಿ. ಎಸಿ ತಂಪು ಹೋಗದಿರಲಿ ಎಂದು ಕಿಟಕಿ ಮುಚ್ಚುತ್ತಾರೆ, ಕತ್ತಲಾಯಿತೆಂದು ಹಗಲಲ್ಲೇ ಎಲ್‌ಇಡಿ. ಕರೆಂಟು ಹೋದಾಗ ಎಲ್ಲರೂ ಎದ್ದು ಹಜಾರಕ್ಕೆ ಬರುತ್ತಾರೆ, "ಆ ಕಾಲದೋರು ಎಷ್ಟು ಯೋಚ್ನೆ ಮಾಡಿ ಕಟ್ಟವ್ರೆ ನೋಡಿ, ಇಲ್ಲಿ ಎಂಥಾ ಗಾಳಿ!" ಎನ್ನುತ್ತಾರೆ.

ಈ ಮಾತಿಗೆ ಪಾವಗಡದವರು ನಗಬೇಕು. ಬಿಸಿಲಿಗೆ ಹೆದರಿ ಸಾಹೇಬರು ಸೂರು ಎತ್ತರಿಸಿದರು, ಪಂಖಾ ಎಳೆಯಲು ಹಗ್ಗದ ತುದಿಗೊಬ್ಬ ಮನುಷ್ಯನನ್ನು ಕೂರಿಸಿದರು. ಈಗ ಅದೇ ಬಿಸಿಲು ಮಾಲು. ತಿರುಮಣಿ, ವಳ್ಳೂರು ಕಡೆ 13,000 ಎಕರೆಯಲ್ಲಿ ಗಾಜಿನ ಹಲಗೆ ಹಾಸಿ 2,050 ಮೆಗಾವಾಟ್ ತೆಗೆಯುವ ಲೆಕ್ಕ. ಜಮೀನು ಕೊಟ್ಟವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ ಎಂದು ಸುರುವಾಯಿತು. ಜಮೀನಿದ್ದವರಿಗೆ ಬಾಡಿಗೆ ಬಂತು, ಆ ಜಮೀನಿನಲ್ಲಿ ಕಳೆ ಕೀಳುತ್ತಿದ್ದವರಿಗೆ ಬಸ್ಸು ಬಂತು, ಬೆಂಗಳೂರಿಗೆ.

ಬೆಂಗಳೂರಿನ ಮನೆಗಳ ಹಣೆಬರಹವೇ ಬೇರೆ ಬಿಡಿ. ಕಬ್ಬನ್ ಕಟ್ಟಿಸಿದ ಎನ್ನುವ ಬಾಲಬ್ರೂಯಿಯಲ್ಲಿ ರವೀಂದ್ರನಾಥ ಟ್ಯಾಗೋರರು ತಂಗಿದ್ದರು. ನಂದಿಬೆಟ್ಟದ ಬಂಗಲೆಯಲ್ಲಿ 1927ರಲ್ಲಿ ಗಾಂಧೀಜಿ ಆರೋಗ್ಯ ಸುಧಾರಿಸಿಕೊಂಡರು. ನಮ್ಮ ಬಂಗಲೆಗಳ ಸಂದರ್ಶಕರ ಪುಸ್ತಕ ತೆರೆದರೆ ಪುಟ ಪುಟಕ್ಕೂ ಸಹಾಯಕ ಕಾರ್ಯಪಾಲಕ ಇಂಜಿನಿಯರ್. ಆದರೂ ಮನೋಧರ್ಮ ಒಂದೇ. ಟ್ಯಾಗೋರರು ಮಲಗಿದ್ದ ಮನೆಯನ್ನು 2014ರಲ್ಲಿ ನೋಡಿದ ನಮ್ಮ ಜನಪ್ರತಿನಿಧಿಗಳಿಗೆ ಹೊಳೆದದ್ದು, ಇಲ್ಲೊಂದು ಶಾಸಕರ ಕ್ಲಬ್ ಮಾಡಿದರೆ ಹೇಗೆ ಎಂದು. ಊರಿನವರು ಕೂಗಾಡಿ ಕೋರ್ಟಿಗೆ ಹೋಗಬೇಕಾಯಿತು. ತಾಲೂಕಿನಲ್ಲಿ ನಮಗೆ ಆ ತಾಪತ್ರಯ ಇಲ್ಲ. ಇಲ್ಲಿ ಕ್ಲಬ್ ಮಾಡಲು ಯಾರೂ ಅರ್ಜಿ ಹಾಕಿಕೊಳ್ಳಬೇಕಾಗಿಲ್ಲ.

ಈಗ ಎಲ್ಲಕ್ಕಿಂತ ದೊಡ್ಡ ವಿಕ್ಟೋರಿಯಾ ಮನೆಯ ವಿಷಯ. ಅದು ತುಮಕೂರು ಜಿಲ್ಲೆ. ನಗೆಯಲ್ಲ, ಲೆಕ್ಕ ನೋಡಿ: ಕಬ್ಬನ್ ಹೋದ ಮೇಲೆ ಬಂದ ಬೌರಿಂಗ್ 1863ರ ಹೊತ್ತಿಗೆ ಸಂಸ್ಥಾನವನ್ನು ಎಂಟು ಜಿಲ್ಲೆ ಮಾಡಿದಾಗ ಹುಟ್ಟಿದ್ದು ಈ ಜಿಲ್ಲೆ. ಹತ್ತು ಕೋಣೆಯ ಅವಿಭಕ್ತ ಕುಟುಂಬದ ಮನೆಯ ಹಾಗೆ ಹತ್ತು ತಾಲೂಕು. ಯಜಮಾನ ಕೂರುವ ಪಡಸಾಲೆ ತುಮಕೂರು. ನಮ್ಮ ನಾಲ್ವರದ್ದು ಹಿತ್ತಲ ಕಡೆಯ ಕೋಣೆ. ಪಾವಗಡದ್ದಂತೂ ಹಿತ್ತಲೂ ದಾಟಿ ಆಂಧ್ರದವರ ಅಂಗಳದಲ್ಲಿ. ರಾಣಿ ಬದುಕಿದ್ದಾಗಲೇ, 1884ರಲ್ಲಿ, ಪಡಸಾಲೆಗೆ ಬೆಂಗಳೂರಿನಿಂದ ರೈಲು ಬಂತು. ಅಲ್ಲಿಂದ ಮಧುಗಿರಿ 40 ಚಿಲ್ಲರೆ ಕಿಲೋಮೀಟರ್. ತುಮಕೂರು-ರಾಯದುರ್ಗ ಮಾರ್ಗ ಅಂತ ಕಾಗದದಲ್ಲಿ ಹೊರಟ ರೈಲು ಕೊರಟಗೆರೆ, ಮಧುಗಿರಿಗೆ ಇನ್ನೂ ಬರುತ್ತಲೇ ಇದೆ. ಹಿತ್ತಲಿನವರು ಪಾಲು ಕೇಳದೆ ಇನ್ನೇನು ಮಾಡಿಯಾರು? ಮಧುಗಿರಿ ಜಿಲ್ಲೆ ಆಗಲಿ ಎಂಬ ಕೂಗು ಹುಟ್ಟಿ ವರ್ಷಗಳೇ ಆದವು.

ಕೂಗುವ ಅಗತ್ಯವೇನೂ ಇಲ್ಲ ಎಂಬುದು ತಮಾಷೆ. ಈ ನಾಲ್ಕು ತಾಲೂಕು ಸೇರಿ ಆಗಲೇ ಜಿಲ್ಲೆ: ಶೈಕ್ಷಣಿಕ ಜಿಲ್ಲೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ರಾಜ್ಯದ ಪಟ್ಟಿಯಲ್ಲಿ ತುಮಕೂರು ಬೇರೆ, ಮಧುಗಿರಿ ಬೇರೆ. ಫೇಲಾಗುವ ವಿಷಯದಲ್ಲಿ ನಮಗೆ ಪೂರ್ಣ ಸ್ವಾತಂತ್ರ್ಯ ಕೊಟ್ಟಿದ್ದಾರೆ. ಕಂದಾಯದ ವಿಷಯದಲ್ಲಿ ಮಾತ್ರ ಇನ್ನೂ ಉಪವಿಭಾಗ. ಹದಿನೈದು ವರ್ಷದ ಹುಡುಗ ಒಂದು ಜಿಲ್ಲೆಯಲ್ಲಿ ಪರೀಕ್ಷೆ ಬರೆದು, ಅಂಕಪಟ್ಟಿ ಹಿಡಿದು, ಜಿಲ್ಲಾಧಿಕಾರಿಯ ಸಹಿ ಬೇಕಾದರೆ ಇನ್ನೊಂದು ಜಿಲ್ಲೆಗೆ ಬಸ್ಸು ಹತ್ತುತ್ತಾನೆ.

ಜಿಲ್ಲೆ ಒಂದು ದಿನ ಆದೀತು. 2021ರಲ್ಲಿ ವಿಜಯನಗರ ಆಗಿ 31 ಆದ ಹಾಗೆ 32 ಆಗುವುದು ಕಷ್ಟವಲ್ಲ. ಆದ ಮಾರನೆಯ ದಿನ ಸುರುವಾಗುವ ಪಂಚಾಯ್ತಿ ನನಗೆ ಈಗಲೇ ಕಾಣುತ್ತಿದೆ. ಡಾಬ್ಸ್ ಹಾಕಿಕೊಟ್ಟ ಪಾಠ ನೆನಪಿದೆಯಲ್ಲ, ಸಾಹೇಬರ ಹಾಸಿಗೆ ಎಲ್ಲೋ ಕೇಂದ್ರ ಅಲ್ಲೇ. ಹಾಗಾದರೆ ಜಿಲ್ಲಾಧಿಕಾರಿಗೆ ತಕ್ಕ ಬಂಗಲೆ ಯಾವ ಊರಿನದು? ಬೆಟ್ಟ ನಮ್ಮದು, ಹೆಸರೂ ನಮ್ಮದು, ಬಂಗಲೆಯೂ ನಮ್ಮದೇ ಎಂದು ಮಧುಗಿರಿಯವರು. ಸುಬಾ ಆಳಿದ ಊರು ಬಿಟ್ಟು ಎಲ್ಲಿಗೆ ಹೋಗುತ್ತೀರಿ, ಹೆದ್ದಾರಿ ಬೇರೆ ಇದೆ ಎಂದು ಶಿರಾದವರು. ಗೃಹ ಸಚಿವರನ್ನೇ ಕೊಟ್ಟ ತಾಲೂಕಿಗೆ ಒಂದು ಗೃಹ ಕೊಡಲಾಗದೇ ಎಂದು ಕೊರಟಗೆರೆಯವರು. ಪಾವಗಡದವರು ಮಾತಾಡುವುದಿಲ್ಲ, ಶನಿಮಹಾತ್ಮನ ದೇವಸ್ಥಾನದ ಕಡೆ ಕೈ ತೋರಿಸುತ್ತಾರೆ. ಯಾವ ಜಿಲ್ಲಾಧಿಕಾರಿಯಾದರೂ ಶನಿವಾರ ಅಲ್ಲಿಗೆ ಬರಲೇಬೇಕು.

ನಾಲ್ಕೂ ಊರಿನಲ್ಲಿ ರಾತ್ರೋರಾತ್ರಿ ಹೆಂಚು ತಿರುಗಿಸಿ ನೋಡುವ ಕೆಲಸ ಸುರುವಾಗುತ್ತದೆ. ನಾಲ್ಕೂ ಕಡೆ 1865. ಸರ್ಕಾರ ಪದ್ಧತಿಯಂತೆ ಒಂದು ತಜ್ಞರ ಸಮಿತಿ ಮಾಡುತ್ತದೆ. ಪರಂಪರೆ ಬಲ್ಲವರು, ಕಟ್ಟಡ ಬಲ್ಲವರು, ಒಬ್ಬ ನಿವೃತ್ತ ಅಧಿಕಾರಿ. ಅವರು ತುಮಕೂರಿನಿಂದ ಹೊರಟು, ಡಾಬ್ಸ್ ಕಾಲದ ದಾರಿಯಲ್ಲಿ, ಯಾವ ಬಂಗಲೆ ನಿಜವಾಗಿ ವಿಕ್ಟೋರಿಯಾ ಕಾಲದ್ದು ಎಂದು ಪರಿಶೀಲಿಸಲು ಸಂಜೆ ಹೊತ್ತಿಗೆ ಮೊದಲ ಬಂಗಲೆಯ ಮುಂದೆ ಕಾರು ನಿಲ್ಲಿಸುತ್ತಾರೆ. ಮೇಟಿ ಗೇಟಿನ ಹತ್ತಿರವೇ ಕೈ ಮುಗಿಯುತ್ತಾನೆ. "ರೂಮು ಒಂದೂ ಇಲ್ಲ ಸ್ವಾಮಿ. ಜಿಲ್ಲಾ ಹೋರಾಟ ಸಮಿತಿಯೋರು ಮೂರು ದಿನದಿಂದ ಮೀಟಿಂಗ್ ಮಾಡ್ತಾವ್ರೆ. ತಾವು ಅಲ್ಲಿ, ಹುಣಸೆಮರದ ತಾವ ನಿಂತ್ಕಳಿ, ಅಣ್ಣಾವ್ರು ಊಟ ಮುಗ್ಸಿ ಕರೀತಾರೆ."